ಆತಂಕದ ದೈಹಿಕ ಲಕ್ಷಣಗಳು: ಅರಿವು, ನಿರ್ವಹಣೆ ಮತ್ತು ನೆರವು

ಎದೆ ಡವಡವನೆ ಹೊಡೆದುಕೊಳ್ಳುವುದು, ಉಸಿರು ಸಾಲದಂತಾಗುವುದು, ಅಂಗೈ ಬೆವರುವುದು, ಕೈಕಾಲು ನಡುಗುವುದು, ಬಾಯಿ ಒಣಗುವುದು, ಹೊಟ್ಟೆಯಲ್ಲಿ ಸಂಕಟವಾಗುವುದು, ತಲೆ ಸುತ್ತಿದಂತಾಗುವುದು, ಬೆರಳ ತುದಿಗಳು ಜುಮ್ಮೆನ್ನುವುದು - ಇವು ಆತಂಕವು ಶರೀರದಲ್ಲಿ ತೋರುವ ಸಾಮಾನ್ಯ ಲಕ್ಷಣಗಳು. ಆತಂಕವು ಮನಸ್ಸಿಗೆ ಸಂಬಂಧಿಸಿದ್ದೆಂಬುದು ಎಲ್ಲರಿಗೂ ತಿಳಿದ ವಿಷಯವೇ. ಆದರೆ ಅನೇಕ ವೇಳೆ ಅದು ಮೊದಲು ಕಾಣಿಸಿಕೊಳ್ಳುವುದು ಶರೀರದಲ್ಲಿ. ಆದುದರಿಂದ ಹೃದಯಕ್ಕೆ ಏನೋ ಆಗಿದೆಯೆಂದು ಭಾವಿಸಿ ಒಬ್ಬ ವೈದ್ಯರಿಂದ ಮತ್ತೊಬ್ಬ ವೈದ್ಯರಲ್ಲಿಗೆ ಅಲೆಯುವವರು ಹಲವರಿದ್ದಾರೆ. ಎಲ್ಲ ಪರೀಕ್ಷೆಗಳ ವರದಿಯೂ ಸರಿಯಾಗಿದೆಯೆಂದು ತಿಳಿದಾಗ, "ಇದೆಲ್ಲ ಬರಿಯ ಭ್ರಮೆ" ಎಂದು ಮನೆಯವರು ತೀರ್ಮಾನಿಸಿಬಿಡುವುದೂ ಉಂಟು. ಈ ಎರಡು ಎಣಿಕೆಗಳೂ ಸರಿಯಲ್ಲ. ರೋಗಿಯು ಪಡುವ ಬಾಧೆ ನಿಜವಾದದ್ದು. ಅದರ ಮೂಲ ಮಾತ್ರ ಬೇರೆ.

ಶರೀರದಲ್ಲಿ ಆಗುವುದೇನು?

ಅಪಾಯ ಎದುರಾದಾಗ ಪ್ರಾಣಿಯು ಹೋರಾಡಬೇಕು ಇಲ್ಲವೇ ಓಡಿ ಪಾರಾಗಬೇಕು. ಇದಕ್ಕಾಗಿ ಶರೀರವು ಕ್ಷಣಮಾತ್ರದಲ್ಲಿ ಸಜ್ಜಾಗುವ ಕ್ರಮವನ್ನು ಅಮೆರಿಕದ ಶರೀರ ವಿಜ್ಞಾನಿ ವಾಲ್ಟರ್ ಕ್ಯಾನನ್ ಅವರು 1915ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ವಿವರಿಸಿದರು. ಮೆದುಳು ಅಪಾಯವನ್ನು ಗ್ರಹಿಸಿದೊಡನೆ, ಮನುಷ್ಯನ ಇಚ್ಛೆಗೆ ಒಳಪಡದೆ ತಾನಾಗಿಯೇ ಕೆಲಸ ಮಾಡುವ ನರವ್ಯೂಹವು ಚುರುಕಾಗುತ್ತದೆ. ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳು ಅಡ್ರಿನಲಿನ್ ಎಂಬ ಹಾರ್ಮೋನನ್ನು ರಕ್ತಕ್ಕೆ ಸ್ರವಿಸುತ್ತವೆ. ಸ್ನಾಯುಗಳಿಗೆ ಹೆಚ್ಚು ರಕ್ತ ಒದಗಿಸಲು ಹೃದಯ ವೇಗವಾಗಿ ಬಡಿಯುತ್ತದೆ. ಹೆಚ್ಚು ಆಮ್ಲಜನಕಕ್ಕಾಗಿ ಉಸಿರಾಟದ ವೇಗ ಏರುತ್ತದೆ. ಮೈ ತಂಪಾಗಲೆಂದು ಬೆವರು ಬರುತ್ತದೆ. ಆ ಹೊತ್ತಿಗೆ ಅಗತ್ಯವಿಲ್ಲದ ಜೀರ್ಣಕ್ರಿಯೆ ಹಿಂದೆ ಸರಿಯುವುದರಿಂದ ಹೊಟ್ಟೆ ತೊಳಸಿದಂತಾಗುತ್ತದೆ.

ಹಾವು ಕಂಡಾಗ ಈ ಏರ್ಪಾಡು ಪ್ರಾಣ ಉಳಿಸುತ್ತದೆ. ಆದರೆ ಸಾಲದ ಚಿಂತೆ, ಪರೀಕ್ಷೆಯ ಭಯ, ಕೆಲಸ ಹೋಗುವ ಅಂಜಿಕೆ ಮುಂತಾದವನ್ನೂ ಮೆದುಳು ಅಪಾಯವೆಂದೇ ಎಣಿಸಬಲ್ಲುದು. ಆಗ ಹೋರಾಡಲು ಎದುರಾಳಿಯಿಲ್ಲ, ಓಡಲು ಸ್ಥಳವಿಲ್ಲ. ಸಜ್ಜಾದ ಶರೀರದ ತಳಮಳ ಮಾತ್ರ ಉಳಿಯುತ್ತದೆ.

ಉಸಿರಾಟದ ವಿಷಯವನ್ನು ವಿಶೇಷವಾಗಿ ಗಮನಿಸಬೇಕು. ಗಾಬರಿಯಿಂದ ವೇಗವಾಗಿ ಉಸಿರಾಡಿದಾಗ ರಕ್ತದಲ್ಲಿನ ಇಂಗಾಲದ ಡೈ ಆಕ್ಸೈಡ್ ಪ್ರಮಾಣ ತಗ್ಗುತ್ತದೆ. ಇದರಿಂದ ತಲೆ ಹಗುರಾದಂತೆ, ತುಟಿ ಮತ್ತು ಬೆರಳುಗಳು ಜೋಮು ಹಿಡಿದಂತೆ ಅನಿಸುತ್ತದೆ. ಉಸಿರು ಸಾಲದೆಂದು ತೋರಿ ರೋಗಿಯು ಇನ್ನೂ ವೇಗವಾಗಿ ಉಸಿರಾಡುತ್ತಾನೆ. ಲಕ್ಷಣಗಳು ಇನ್ನೂ ಬಲಿಯುತ್ತವೆ. ಹೀಗೆ ಭಯದಿಂದ ಲಕ್ಷಣ, ಲಕ್ಷಣದಿಂದ ಭಯ ಎಂಬ ಚಕ್ರ ಏರ್ಪಡುತ್ತದೆ. ಇದು ಹಠಾತ್ತನೆ ಉತ್ಕಟವಾದಾಗ ವೈದ್ಯರು ಪ್ಯಾನಿಕ್ ಎನ್ನುತ್ತಾರೆ. ಆ ಗಳಿಗೆಯಲ್ಲಿ ಸಾವೇ ಬಂದಂತೆ ತೋರಿದರೂ, ಸಾಮಾನ್ಯವಾಗಿ ಸುಮಾರು 10 ನಿಮಿಷಗಳಲ್ಲಿ ಅದು ತುದಿ ಮುಟ್ಟಿ, ಅನಂತರ ತಾನಾಗಿಯೇ ಇಳಿಯುತ್ತದೆ.

ಮೊದಲು ವೈದ್ಯಕೀಯ ಪರೀಕ್ಷೆ

ಎದೆನೋವು, ಉಸಿರುಕಟ್ಟು ಮೊದಲಾದವು ಮೊದಲ ಬಾರಿಗೆ ಕಾಣಿಸಿಕೊಂಡಾಗ ಅವು ಆತಂಕದಿಂದಲೇ ಬಂದವೆಂದು ತಾವೇ ನಿರ್ಧರಿಸಬಾರದು. ಎದೆಯಲ್ಲಿ ಒತ್ತಿ ಹಿಡಿದಂತಹ ನೋವು ಬಂದು ಅದು ತೋಳು, ದವಡೆ ಅಥವಾ ಬೆನ್ನಿಗೆ ಹರಡಿದರೆ, ತಣ್ಣನೆಯ ಬೆವರು ಬಂದರೆ, ಪ್ರಜ್ಞೆ ತಪ್ಪಿದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ತುರ್ತು ನೆರವಿಗೆ 112 ಸಂಖ್ಯೆಗೆ ಕರೆ ಮಾಡಬಹುದು.

ಥೈರಾಯ್ಡ್ ಗ್ರಂಥಿಯ ಅತಿಸ್ರಾವ, ರಕ್ತಹೀನತೆ, ಮಧುಮೇಹದ ಚಿಕಿತ್ಸೆಯಲ್ಲಿರುವವರ ರಕ್ತದಲ್ಲಿ ಸಕ್ಕರೆ ಇಳಿಯುವುದು, ಹೃದಯ ಬಡಿತದ ಏರುಪೇರು - ಇವುಗಳಲ್ಲಿಯೂ ಎದೆಬಡಿತ ಮತ್ತು ನಡುಕ ತೋರಬಹುದು. ಅತಿಯಾದ ಕಾಫಿ, ಚಹಾ ಮತ್ತು ತಂಬಾಕು ಸಹ ಕಾರಣವಾಗಬಲ್ಲವು. ಆದುದರಿಂದ ಒಮ್ಮೆ ಸರಿಯಾಗಿ ಪರೀಕ್ಷೆ ಮಾಡಿಸಿಕೊಳ್ಳುವುದು ಅಗತ್ಯ. ಆದರೆ ದೋಷವಿಲ್ಲವೆಂದು ವೈದ್ಯರು ತಿಳಿಸಿದ ಮೇಲೂ, ಹೊಸ ಲಕ್ಷಣವೇನೂ ಇಲ್ಲದಿರುವಾಗ ಅದೇ ಪರೀಕ್ಷೆಗಳನ್ನು ಮತ್ತೆ ಮತ್ತೆ ಮಾಡಿಸುವುದರಿಂದ ಹಣ ವ್ಯಯವಾಗುವುದಲ್ಲದೆ ಸಂಶಯವೂ ಬೆಳೆಯುತ್ತದೆ.

ಲಕ್ಷಣಗಳು ಕಾಣಿಸಿಕೊಂಡಾಗ

(ಅ) ಇದು ಆತಂಕ, ಸ್ವಲ್ಪ ಹೊತ್ತಿನಲ್ಲಿ ಇಳಿಯುತ್ತದೆ ಎಂದು ಮನಸ್ಸಿನಲ್ಲಿಯೇ ಹೇಳಿಕೊಳ್ಳಬೇಕು. ಲಕ್ಷಣಗಳೊಡನೆ ಹೋರಾಡಿದಷ್ಟೂ ಅವು ಹೆಚ್ಚುತ್ತವೆ.

(ಆ) ಹೊಟ್ಟೆಯ ಮೇಲೆ ಒಂದು ಕೈಯಿಟ್ಟು, ಅದು ಮೇಲೇಳುವಂತೆ ಮೂಗಿನಿಂದ ನಿಧಾನವಾಗಿ ಉಸಿರು ಎಳೆದುಕೊಳ್ಳಬೇಕು. ಎಳೆದುಕೊಳ್ಳುವಾಗ ಮನಸ್ಸಿನಲ್ಲಿ 4ರವರೆಗೆ, ಬಿಡುವಾಗ 6ರವರೆಗೆ ಎಣಿಸಬಹುದು. ಕೆಲವು ನಿಮಿಷ ಹೀಗೆ ಮಾಡಿದರೆ ಉಸಿರಾಟ ಹದಕ್ಕೆ ಬರುತ್ತದೆ. ಕಾಗದದ ಚೀಲದೊಳಗೆ ಉಸಿರಾಡುವ ಹಳೆಯ ರೂಢಿ ಅಪಾಯಕಾರಿ, ಅದನ್ನು ಅನುಸರಿಸಬಾರದು.

(ಇ) ಕೈ, ಭುಜ, ಮುಖ, ಕಾಲು - ಹೀಗೆ ಒಂದೊಂದೇ ಭಾಗದ ಸ್ನಾಯುಗಳನ್ನು ಕೆಲವು ಕ್ಷಣ ಬಿಗಿಹಿಡಿದು ಸಡಿಲಬಿಡಬೇಕು. ಎಡ್ಮಂಡ್ ಜೇಕಬ್‌ಸನ್ ಎಂಬ ವೈದ್ಯರು 1929ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿದ ಸ್ನಾಯು ಸಡಿಲಿಕೆಯ ಪದ್ಧತಿಯಿಂದ ಇದು ಬಂದಿದೆ. ಇದನ್ನು ನೆಮ್ಮದಿಯಾಗಿರುವಾಗಲೇ ದಿನವೂ ಅಭ್ಯಾಸ ಮಾಡಿದರೆ ಗಾಬರಿಯ ವೇಳೆಯಲ್ಲಿ ನೆರವಾಗುತ್ತದೆ.

(ಈ) ನಿಯಮಿತ ನಡಿಗೆ, ಸಾಕಷ್ಟು ನಿದ್ರೆ ಮತ್ತು ಕಾಫಿ-ಚಹಾಗಳ ಮಿತಿಯನ್ನು ಪಾಲಿಸಬೇಕು. ನೆಮ್ಮದಿಗೆಂದು ಮದ್ಯವನ್ನು ಆಶ್ರಯಿಸಬಾರದು. ಅದರ ಅಮಲು ಇಳಿದ ಮೇಲೆ ಆತಂಕ ಹೆಚ್ಚುತ್ತದೆ.

ದೂರ ಸರಿಯುವುದರ ಹಾನಿ

ಆತಂಕದಿಂದಾಗುವ ದೊಡ್ಡ ನಷ್ಟ ಎದೆಬಡಿತದಿಂದಲ್ಲ, ಅದರ ಭಯದಿಂದ ಜೀವನ ಕುಗ್ಗುವುದರಿಂದ. ಮುಂಬಯಿಯ ಲೋಕಲ್ ರೈಲಿನ ನೂಕುನುಗ್ಗಲಿನಲ್ಲಿ ಒಮ್ಮೆ ಗಾಬರಿಗೊಂಡ ನೌಕರನೊಬ್ಬನು ಮರುದಿನ ರೈಲು ಹತ್ತದೆ ಬಸ್ಸು ಹಿಡಿಯುತ್ತಾನೆಂದು ಭಾವಿಸೋಣ. ಕೆಲದಿನಗಳಲ್ಲಿ ಬಸ್ಸೂ ಕಷ್ಟವಾಗುತ್ತದೆ, ರಜೆಗಳು ಹೆಚ್ಚುತ್ತವೆ, ಕಡೆಗೆ ಉದ್ಯೋಗಕ್ಕೇ ಸಂಚಕಾರ ಬರುತ್ತದೆ. ದೂರ ಸರಿದಾಗಲೆಲ್ಲ ತಾತ್ಕಾಲಿಕ ನೆಮ್ಮದಿ ದೊರೆತರೂ ರೈಲು ಅಪಾಯವೆಂಬ ನಂಬಿಕೆ ಬೇರೂರುತ್ತದೆ. ಮೊದಲು ಜನಸಂದಣಿ ಕಡಿಮೆಯಿರುವ ವೇಳೆಯಲ್ಲಿ, ಜೊತೆಗೊಬ್ಬರೊಡನೆ ಒಂದು ನಿಲ್ದಾಣದವರೆಗೆ ಪ್ರಯಾಣ ಮಾಡಿ, ಕ್ರಮೇಣ ದೂರವನ್ನು ಹೆಚ್ಚಿಸಿಕೊಳ್ಳುವುದೇ ಸರಿಯಾದ ಮಾರ್ಗ.

ನೆರವು ಯಾವಾಗ ಬೇಕು?

ಲಕ್ಷಣಗಳು ವಾರಗಟ್ಟಲೆ ಮುಂದುವರಿದರೆ, ನಿದ್ರೆ, ಉದ್ಯೋಗ, ವ್ಯಾಸಂಗ ಅಥವಾ ಸಂಸಾರಕ್ಕೆ ಅಡ್ಡಿಯಾದರೆ ವೈದ್ಯರನ್ನು ಕಾಣಬೇಕು. ಬದುಕೇ ಬೇಡವೆಂಬ ಯೋಚನೆ ಬಂದರೆ ಅದೇ ದಿನ ನೆರವು ಪಡೆಯಬೇಕು.

ನಿಮ್ಹಾನ್ಸ್ ಸಂಸ್ಥೆಯು 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇಕಡ 10.6ರಷ್ಟು ಮಂದಿ ಒಂದಿಲ್ಲೊಂದು ಮಾನಸಿಕ ಅಸ್ವಸ್ಥತೆಯಿಂದ ಬಳಲುತ್ತಿದ್ದರು. ಆತಂಕ, ಖಿನ್ನತೆಯಂತಹ ಸಾಮಾನ್ಯ ಅಸ್ವಸ್ಥತೆಗಳಿದ್ದವರಲ್ಲಿ ಶೇಕಡ 85ರಷ್ಟು ಮಂದಿಗೆ ಚಿಕಿತ್ಸೆಯೇ ದೊರೆತಿರಲಿಲ್ಲ.

ಚಿಕಿತ್ಸೆ ಪರಿಣಾಮಕಾರಿಯಾಗಿದೆ. ಯೋಚನೆ ಮತ್ತು ವರ್ತನೆಗಳನ್ನು ತಿದ್ದಿಕೊಳ್ಳಲು ಕಲಿಸುವ ಮಾತಿನ ಚಿಕಿತ್ಸೆ ಒಂದು ವಿಧಾನ; ಔಷಧಿ ಮತ್ತೊಂದು. ಆತಂಕಕ್ಕೆ ದೀರ್ಘಕಾಲ ಕೊಡುವ ಔಷಧಿಗಳು ಗುಣ ತೋರಲು ಕೆಲವು ವಾರಗಳು ಬೇಕಾಗುತ್ತವೆ, ಅಷ್ಟರಲ್ಲಿ ನಿರಾಶರಾಗಬಾರದು. ತಕ್ಷಣ ಶಮನ ನೀಡುವ ಕೆಲವು ಮಾತ್ರೆಗಳು ಅಭ್ಯಾಸವಾಗಿ ಅಂಟಿಕೊಳ್ಳಬಲ್ಲವಾದ್ದರಿಂದ ಅವುಗಳನ್ನು ಅಂಗಡಿಯಿಂದ ತಾವಾಗಿಯೇ ಕೊಂಡು ಸೇವಿಸಬಾರದು. ವೈದ್ಯರನ್ನು ಕೇಳದೆ ಯಾವ ಔಷಧಿಯನ್ನೂ ಥಟ್ಟನೆ ನಿಲ್ಲಿಸಬಾರದು.

ನೆರವು ಎಲ್ಲಿ ದೊರೆಯುತ್ತದೆ?

ಸರ್ಕಾರವು 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ಆರಂಭಿಸಿತು. ಕರ್ನಾಟಕದ ಬಳ್ಳಾರಿಯಲ್ಲಿ ನಿಮ್ಹಾನ್ಸ್ ನಡೆಸಿದ ಪ್ರಯೋಗವನ್ನು ಮಾದರಿಯಾಗಿಟ್ಟುಕೊಂಡು 1996ರಲ್ಲಿ ಜಿಲ್ಲಾ ಮಟ್ಟದ ಕಾರ್ಯಕ್ರಮವನ್ನು ಪ್ರಾರಂಭಿಸಲಾಯಿತು. ಸರ್ಕಾರಿ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಲ್ಲಿ ಮನೋವೈದ್ಯ ವಿಭಾಗಗಳಿವೆ. ಚೆನ್ನೈನ ಕಿಲ್ಪಾಕ್, ಹೈದರಾಬಾದಿನ ಎರ್ರಗಡ್ಡ, ಪುಣೆಯ ಯರವಡಾ ಮತ್ತು ದೆಹಲಿಯ ದಿಲ್ಶಾದ್ ಗಾರ್ಡನ್‌ಗಳಲ್ಲಿ ಸರ್ಕಾರಿ ಮಾನಸಿಕ ಚಿಕಿತ್ಸಾ ಸಂಸ್ಥೆಗಳಿವೆ. 2017ರ ಮಾನಸಿಕ ಆರೋಗ್ಯ ಆರೈಕೆ ಅಧಿನಿಯಮವು ಚಿಕಿತ್ಸೆ ಪಡೆಯುವುದನ್ನೂ, ವಿವರಗಳನ್ನು ಗೋಪ್ಯವಾಗಿಡುವುದನ್ನೂ ರೋಗಿಯ ಹಕ್ಕುಗಳೆಂದು ಮಾನ್ಯ ಮಾಡಿದೆ.

ಹೊರರಾಜ್ಯಗಳಲ್ಲಿ ನೆಲೆಸಿರುವ ಕನ್ನಡಿಗರಿಗೆ ಭಾಷೆ ಒಂದು ತೊಡಕಾಗಬಹುದು. ವ್ಯವಹಾರಕ್ಕೆ ಹಿಂದಿ, ಮರಾಠಿ ಅಥವಾ ತಮಿಳು ಸಾಕಾದರೂ, "ಜೀವ ಹೊಯ್ದಾಡುತ್ತದೆ", "ಎದೆ ಝಲ್ಲೆನ್ನುತ್ತದೆ" ಎಂಬುದನ್ನು ಪರಭಾಷೆಯಲ್ಲಿ ಹೇಳುವುದು ಸುಲಭವಲ್ಲ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸೇವೆಯು ಹಗಲಿರುಳೂ ಉಚಿತವಾಗಿ ದೊರೆಯುತ್ತದೆ. 14416 ಸಂಖ್ಯೆಗೆ ಕರೆ ಮಾಡಿ ಕನ್ನಡವೂ ಸೇರಿದಂತೆ ತಮಗೆ ಬೇಕಾದ ಭಾಷೆಯನ್ನು ಆಯ್ದುಕೊಳ್ಳಬಹುದು. ಆಸ್ಪತ್ರೆಗೆ ಹೋಗುವಾಗ ಯಾವ ಲಕ್ಷಣ, ಎಷ್ಟು ಹೊತ್ತು, ಯಾವ ಸಂದರ್ಭದಲ್ಲಿ ಬಂತೆಂಬುದನ್ನು ಬರೆದುಕೊಂಡು, ಸ್ಥಳೀಯ ಭಾಷೆ ಬಲ್ಲವರೊಬ್ಬರನ್ನು ಜೊತೆಗೆ ಕರೆದೊಯ್ಯುವುದು ಒಳ್ಳೆಯದು.

ಮನೆಯವರ ಹೊಣೆಯೂ ಸಣ್ಣದಲ್ಲ. "ಧೈರ್ಯವಾಗಿರು" ಎಂಬ ಉಪದೇಶವೊಂದೇ ಸಾಲದು. ಗಾಬರಿಯ ವೇಳೆಯಲ್ಲಿ ಶಾಂತವಾಗಿ ಪಕ್ಕದಲ್ಲಿ ಕುಳಿತು ಜೊತೆಯಲ್ಲಿಯೇ ನಿಧಾನವಾಗಿ ಉಸಿರಾಡುವುದು, ಬಾಧೆಯನ್ನು ಹೀಗಳೆಯದೆ ಕೇಳುವುದು, ಮೊದಲ ಬಾರಿ ವೈದ್ಯರಲ್ಲಿಗೆ ಹೋಗುವಾಗ ಜೊತೆಗೂಡುವುದು - ಇವು ರೋಗಿಗೆ ನಿಜವಾದ ಆಸರೆ. ಜ್ವರಕ್ಕೆ ವೈದ್ಯರನ್ನು ಕಾಣುವಷ್ಟೇ ಸಹಜವಾಗಿ ಆತಂಕಕ್ಕೂ ವೈದ್ಯರನ್ನು ಕಾಣಬೇಕು. ಅದರಲ್ಲಿ ಸಂಕೋಚಪಡುವಂತಹುದು ಏನೂ ಇಲ್ಲ.