ನೀರು ಬೇಡದ ಹೊನ್ನಿನ ಹೂ – ತಂಗಡಿ

ಮನೆ ಮುಂದೆ ನಾಲ್ಕು ಹೂಗಿಡ ಇರಬೇಕೆಂಬ ಆಸೆ ಯಾವ ಗೃಹಿಣಿಗಿಲ್ಲ ಹೇಳಿ? ಆದರೆ ಚಳ್ಳಕೆರೆ, ಮೊಳಕಾಲ್ಮೂರು ಕಡೆಯ ನಮ್ಮಂಥವರಿಗೆ ಬೇಸಿಗೆಯಲ್ಲಿ ನೀರಿನದೇ ಚಿಂತೆ. ನಲ್ಲಿ ಬಂದ ದಿನ ಮೊದಲು ಕುಡಿಯೋದಕ್ಕೆ, ಆಮೇಲೆ ಅಡಿಗೆಗೆ, ಬಟ್ಟೆಗೆ, ದನಕ್ಕೆ. ಮಲ್ಲಿಗೆ, ಗುಲಾಬಿಯ ಸರದಿ ಬರುವಷ್ಟರಲ್ಲಿ ತೊಟ್ಟಿ ಬರಿದು. ಹಾಗೆಂದು ಅಂಗಳ ಬೋಳಾಗಿರಬೇಕೇ?

ಬೇಡ ಅಕ್ಕಂದಿರೇ, ತಂಗಡಿ ಬೆಳೆಸಿ! ಗೌರಸಮುದ್ರದ ಮಾರಮ್ಮನ ಜಾತ್ರೆಗೆ ಬಂದವರು ಬಯಲಲ್ಲಿ ಇದರ ಹಳದಿ ಹೂ ಕಂಡೇ ಇರುತ್ತೀರಿ. ಆವರಿಕೆ ಎಂದೂ ಕರೆಯುತ್ತಾರೆ. ತೆಲುಗಿನಲ್ಲಿ ತಂಗೇಡು. ತೆಲಂಗಾಣದವರು 2014ರಲ್ಲಿ ಇದನ್ನೇ ತಮ್ಮ ರಾಜ್ಯದ ಹೂವೆಂದು ಸಾರಿದರು. ಬತುಕಮ್ಮ ಹಬ್ಬಕ್ಕೆ ಅವರಿಗೆ ಇದು ಬೇಕೇ ಬೇಕು. ನಮ್ಮಲ್ಲಿ ಮಾತ್ರ "ಅಯ್ಯೋ, ಕಾಡುಗಿಡ" ಅಂತ ಅಂಗಳದೊಳಕ್ಕೆ ಬಿಟ್ಟುಕೊಳ್ಳುವವರು ಕಡಿಮೆ.

ಬೆಳೆಸುವ ಬಗೆ ಬಲು ಸುಲಭ. ಕಂದು ಬಣ್ಣಕ್ಕೆ ತಿರುಗಿದ ಚಪ್ಪಟೆ ಕಾಯಿಂದ ಬೀಜ ಬಿಡಿಸಿಟ್ಟುಕೊಳ್ಳಿ. ಬೀಜದ ಸಿಪ್ಪೆ ಗಟ್ಟಿ. ಅದಕ್ಕೇ ಬಿಸಿನೀರು ಹೊಯ್ದು ಒಂದು ರಾತ್ರಿ ನೆನೆಯಲು ಬಿಡಿ. ಕುದಿಯುವ ನೀರು ಬೇಡ. ಮೊದಲ ಮಳೆ ಬಿದ್ದ ಮೇಲೆ, ಬಿಸಿಲು ಚೆನ್ನಾಗಿ ಬೀಳುವ ಕಡೆ, ಗಿಡ ಎಲ್ಲಿರಬೇಕೋ ಅಲ್ಲೇ ಊರಿ. ಇದರ ತಾಯಿಬೇರು ಆಳಕ್ಕೆ ಇಳಿಯುತ್ತದೆ, ಬೆಳೆದ ಗಿಡ ಕಿತ್ತು ನೆಟ್ಟರೆ ಬದುಕೋದು ಕಷ್ಟ. ಮೊದಲ ಬೇಸಿಗೆಗೆ ಮಾತ್ರ ವಾರಕ್ಕೊಮ್ಮೆ ಪಾತ್ರೆ ತೊಳೆದ ನೀರು ಹಾಕಿದರೂ ಸಾಕು. ಸೋಪಿನ ನೀರು ಬೇಡ. ಆಮೇಲೆ ಮಳೆಯೇ ನೋಡಿಕೊಳ್ಳುತ್ತದೆ. ಗೊಬ್ಬರವೂ ಬೇಕಿಲ್ಲ. ಕಲ್ಲುನೆಲವಾದರೂ ಸರಿ, ಬುಡದಲ್ಲಿ ನೀರು ನಿಲ್ಲಬಾರದು, ಅಷ್ಟೆ.

ಹೂ ಮುಗಿದ ಮೇಲೆ ಸೊಂಟದೆತ್ತರಕ್ಕೆ ಕತ್ತರಿಸಿ. ಪೊದೆ ದುಂಡಗೆ, ಒತ್ತಾಗಿ ಬರುತ್ತದೆ. ಸಾಲಾಗಿ ಹಾಕಿದರೆ ಬೇಲಿಯೂ ಆಯಿತು. ಎಲೆಯಲ್ಲಿ ಹಸಿರು ಹುಳು ಕಂಡರೆ ಔಷಧಿ ಹೊಡೆಯಬೇಡಿ. ಅವು ಹೆಚ್ಚಾಗಿ ತಿಳಿಹಳದಿ ಚಿಟ್ಟೆಗಳ ಮರಿಗಳು. ಚಿಟ್ಟೆಯಾಗಿ ಹಾರಿಹೋದ ಮೇಲೆ ಗಿಡ ಮತ್ತೆ ಚಿಗುರುತ್ತದೆ.

ಇನ್ನು ಉಪಯೋಗ. ದೀಪಾವಳಿಗೆ ಸಗಣಿಯ ಹಟ್ಟೆವ್ವನಿಗೆ ಮುಡಿಸಲು ಹೂ ಬಾಗಿಲಲ್ಲೇ ಸಿಕ್ಕಿತು. ನೆರಳಲ್ಲಿ ಒಣಗಿಸಿದ ಹೂವನ್ನು ಪುಡಿ ಮಾಡಿ ಕಡಲೆಹಿಟ್ಟಿಗೆ ಬೆರೆಸಿಟ್ಟರೆ ಸ್ನಾನಕ್ಕಾಗುತ್ತದೆ. ಹಿಂದೆ ಇದರ ತೊಗಟೆಯಿಂದಲೇ ಚರ್ಮ ಹದ ಮಾಡುತ್ತಿದ್ದರು. ಸಕ್ಕರೆ ಕಾಯಿಲೆಗೆಂದು ಹೂವಿನ ಕಷಾಯ ಕುಡಿಯುವ ರೂಢಿಯೂ ಉಂಟು. ಆದರೆ ಒಂದು ಮಾತು: ಕಷಾಯ ನಂಬಿ ಡಾಕ್ಟರು ಕೊಟ್ಟ ಮಾತ್ರೆ ನಿಲ್ಲಿಸಬೇಡಿ. ಬಸುರಿಯರು, ಬಾಣಂತಿಯರು ಅವರನ್ನು ಕೇಳದೆ ಕುಡಿಯಲೇಬಾರದು.

ರಸ್ತೆ ಅಗಲವಾದಂತೆ, ಬಯಲು ಸೈಟಾದಂತೆ ಪೊದೆಗಳು ಕಣ್ಮರೆಯಾಗುತ್ತಿವೆ. ಒಂದು ಹಿಡಿ ಬೀಜ ಕಟ್ಟಿಟ್ಟುಕೊಳ್ಳಿ, ಪಕ್ಕದ ಮನೆಯವರಿಗೂ ನಾಲ್ಕು ಕೊಡಿ. ಬೇಸಿಗೆಯಲ್ಲಿ ದಿನಕ್ಕೊಂದು ಕೊಡ ನೀರು ಉಳಿದರೆ ಅದು ನಮ್ಮ ಸೊಂಟಕ್ಕೂ ಲಾಭ, ಮನೆಗೂ ಲಾಭ.