ಎರಡು ಊರು, ನಾಲ್ಕು ಹೆಸರು

ಮೈಸೂರಿನಿಂದ ಉದಕಮಂಡಲಕ್ಕೆ ಹೋಗುವವರು ಗುಂಡ್ಲುಪೇಟೆಯಲ್ಲಿ ಕಾಫಿ ಕುಡಿದು ಮುಂದೆ ಸಾಗುವರು. ಚಾಮರಾಜನಗರಕ್ಕಾದರೋ ಕೆಲಸವಿಲ್ಲದೆ ಹೋಗುವವರೇ ವಿರಳ. ಆದರೆ ಎರಡು ದಿನ ಬಿಡುವು ಮಾಡಿಕೊಂಡು, ಮಕ್ಕಳ ಕೈ ಹಿಡಿದು ಈ ಸೀಮೆಯಲ್ಲಿ ನಡೆದಾಡಿದರೆ, ಶಾಲೆಯ ಪಾಠದಲ್ಲಿ ದೊರೆಯದ ಎಷ್ಟೋ ಸಂಗತಿಗಳು ದಾರಿಯ ಬದಿಯಲ್ಲೇ ಕಾಣಸಿಗುವುವು.

ಚಾಮರಾಜನಗರದ ಹಳೆಯ ಹೆಸರು ಅರಿಕುಠಾರ. ಅರಿಗಳಿಗೆ ಕುಠಾರ, ಎಂದರೆ ಶತ್ರುಗಳಿಗೆ ಕೊಡಲಿ! ಇಲ್ಲಿ 1774ರಲ್ಲಿ ಹುಟ್ಟಿದ ಮಗುವೊಂದನ್ನು ಹೈದರಾಲಿ 1776ರಲ್ಲಿ ಮೈಸೂರಿನ ಗಾದಿಗೆ ಆರಿಸಿದನು. ರಾಜಬಂಧುಗಳ ಮಕ್ಕಳ ಮುಂದೆ ಆಟಿಕೆ, ಮಿಠಾಯಿ, ಆಯುಧಗಳನ್ನು ಹರಡಿಸಿದಾಗ ಈ ಮಗು ಕಠಾರಿಗೆ ಕೈಹಾಕಿತೆಂದು ಕಥೆ. ಅವರೇ ಖಾಸಾ ಚಾಮರಾಜ ಒಡೆಯರು. ಅವರ ಪುತ್ರರಾದ ಮುಮ್ಮಡಿ ಕೃಷ್ಣರಾಜ ಒಡೆಯರು 1818ರಲ್ಲಿ ಊರಿಗೆ ತಂದೆಯ ಹೆಸರಿಟ್ಟು, 1826ರಲ್ಲಿ ಚಾಮರಾಜೇಶ್ವರ ದೇವಾಲಯವನ್ನು ಕಟ್ಟಿಸಿದರು. ಇಲ್ಲಿಯ ತೇರು ನಡೆಯುವುದು ಆಷಾಢದಲ್ಲಿ. ಆ ಮಾಸದಲ್ಲಿ ಅಗಲಿರಬೇಕಾದ ನವದಂಪತಿಗಳು ತೇರಿನ ನೆಪದಲ್ಲಿ ಒಂದಾಗುವರು.

ಇದೇ ಊರಿನ ಪಾರ್ಶ್ವನಾಥ ಬಸದಿಗೆ ಹೋದಿರೆಂದರೆ ಒಂಬೈನೂರು ವರ್ಷ ಹಿಂದಕ್ಕೆ ನಡೆದಂತಾಯಿತು. ಹೊಯ್ಸಳ ವಿಷ್ಣುವರ್ಧನನ ದಂಡನಾಯಕನಾದ ಪುಣಿಸನು 1117ರಲ್ಲಿ ಅದನ್ನು ಕಟ್ಟಿಸಿದನು.

ಇಲ್ಲಿಂದ ಗುಂಡ್ಲುಪೇಟೆಯ ರಸ್ತೆ ಹಿಡಿದರೆ ನಡುವೆ ತೆರಕಣಾಂಬಿ ಸಿಕ್ಕುವುದು. ಒಂದು ಕಾಲಕ್ಕೆ ಕುಡುಗುನಾಡಿನ ಮುಖ್ಯ ಪಟ್ಟಣವಾಗಿದ್ದ ಈ ಊರಿನ ಹಿಂದಿನ ಹಿರಿಮೆಗೆ ಲಕ್ಷ್ಮೀವರದರಾಜ ದೇವಾಲಯವೇ ಸಾಕ್ಷಿ.

ಗುಂಡ್ಲುಪೇಟೆಯ ಹಿಂದಿನ ಹೆಸರು ವಿಜಯಾಪುರ. ಚಿಕ್ಕದೇವರಾಜ ಒಡೆಯರು 1673ರಲ್ಲಿ ಪಟ್ಟಕ್ಕೆ ಬರುವ ಮುನ್ನ ಸಮೀಪದ ಹಂಗಳದಲ್ಲಿ ಸೆರೆಯಲ್ಲಿದ್ದಂತೆಯೇ ದಿನ ಕಳೆದರು. ದೊರೆಯಾದ ಮೇಲೆ ತಂದೆಯ ನೆನಪಿಗಾಗಿ ಗುಂಡ್ಲುಹೊಳೆಯ ಬಳಿ ಪರವಾಸುದೇವ ದೇವಾಲಯವನ್ನು ಕಟ್ಟಿಸಿದರು. ಇಂದು ಅದು ಹಾಳುಬಿದ್ದಿದೆ. ಮಗನೊಬ್ಬ ತಂದೆಗೆ ತೀರಿಸಿದ ಋಣವೆಂದು ನೆನೆದು ಆ ಕಂಬಗಳ ನಡುವೆ ನಿಂತರೆ ಮನಸ್ಸು ಕಲಕದಿರದು.

ಅರಸರಿಗೆ ಗುಡಿಗಳಾದರೂ ಉಂಟು. ಸಾಮಾನ್ಯರಿಗೆ ಹೊಲದ ಬದುವಿನ ಕಲ್ಲುಗಳೇ ಗತಿ. ಮೂರು ಅಂತಸ್ತಿನ ಚಿತ್ರವುಳ್ಳ ಕಲ್ಲು ಕಂಡರೆ ಅದು ವೀರಗಲ್ಲು: ಕೆಳಗೆ ಕಾಳಗ, ನಡುವೆ ವೀರನನ್ನು ಕೊಂಡೊಯ್ಯುವ ಅಪ್ಸರೆಯರು, ಮೇಲೆ ದೇವರ ಸನ್ನಿಧಿ. ಊರಿನ ದನಕರುಗಳನ್ನು ಕಾಯಲು ಪ್ರಾಣ ಕೊಟ್ಟವರಿಗೂ ಇಂಥ ಕಲ್ಲುಗಳನ್ನು ನೆಟ್ಟರು. ಬಳೆ ತೊಟ್ಟ ತೋಳು ಮೇಲೆತ್ತಿದ್ದರೆ ಅದು ಮಾಸ್ತಿಕಲ್ಲು.

ಈ ಸೀಮೆಯ ಶಾಸನಗಳನ್ನು ಬಿ. ಎಲ್. ರೈಸ್ ಅವರು 1898ರಲ್ಲಿ ಎಪಿಗ್ರಾಫಿಯ ಕರ್ನಾಟಿಕದ ನಾಲ್ಕನೆಯ ಸಂಪುಟದಲ್ಲಿ ಪ್ರಕಟಿಸಿದರು. 1970ರ ದಶಕದಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಅವನ್ನು ಪರಿಷ್ಕರಿಸಿ ಹೊರತಂದಿತು. ಯಾವ ಊರಿನ ಯಾವ ಗುಡಿಯ ಮುಂದೆ, ಯಾವ ಹೊಲದಲ್ಲಿ ಕಲ್ಲಿದೆಯೆಂದು ಅಲ್ಲಿ ಬರೆದಿದೆ. ಒಂದೆರಡು ಪುಟಗಳನ್ನು ಪ್ರತಿ ಮಾಡಿಕೊಂಡು ಹೋಗಿ, ಆ ಕಲ್ಲು ಇನ್ನೂ ಅಲ್ಲಿದೆಯೆ ನೋಡಿರಿ. ಬಟ್ಟೆ ಒಗೆಯುವ ಕಲ್ಲಾಗಿಯೋ ಮೋರಿಯ ಚಪ್ಪಡಿಯಾಗಿಯೋ ಹೋಗಿಬಿಟ್ಟರೆ, ಆ ವೀರನ ಹೆಸರು ಹೇಳಲು ಊರಿನಲ್ಲಿ ಮತ್ತೇನೂ ಉಳಿಯದು.

ಕಾಡಿನಲ್ಲಿ ಮಾತ್ರ ಈ ಸ್ವಾತಂತ್ರ್ಯವಿಲ್ಲ. 1454 ಮೀಟರ್ ಎತ್ತರದ ಹಿಮವದ್ ಗೋಪಾಲಸ್ವಾಮಿ ಬೆಟ್ಟವು ಬಂಡೀಪುರದ ಹುಲಿಗಳ ರಕ್ಷಿತಾರಣ್ಯಕ್ಕೆ ಸೇರಿದ್ದು, ಆನೆಗಳು ಓಡಾಡುವ ಜಾಗ. ಅಡಿವಾರದಿಂದ ಸರ್ಕಾರಿ ಬಸ್ಸಿನಲ್ಲಿಯೇ ಹೋಗಿ ಬರಬೇಕು.

ಊರುಗಳ ಸುತ್ತ ನಡೆಯುವಾಗ ಬಿಸಿಲೇರುವ ಮುನ್ನ ಹೊರಡಿರಿ. ಹೊಲದೊಡೆಯನ ಅಪ್ಪಣೆ ಕೇಳಿರಿ. ಕಲ್ಲಿಗೆ ಸುಣ್ಣ, ಎಣ್ಣೆ, ಸೀಮೆಸುಣ್ಣ ತಾಗಿಸದೆ ಒಂದು ಭಾವಚಿತ್ರ ತೆಗೆಯಿರಿ. ಉರುಳಿಬಿದ್ದ ಕಲ್ಲು ಕಂಡರೆ ಮೈಸೂರಿನ ಪುರಾತತ್ತ್ವ ಇಲಾಖೆಗೆ ಒಂದು ಕಾಗದ ಬರೆಯಿರಿ. ಊರ ಹಿರಿಯರನ್ನು ಕಟ್ಟೆಯ ಮೇಲೆ ಕೂರಿಸಿಕೊಂಡು, “ಈ ಕಲ್ಲನ್ನು ನೀವು ಏನೆಂದು ಕರೆಯುತ್ತೀರಿ ಅಜ್ಜ?” ಎಂದು ಮಕ್ಕಳಿಂದಲೇ ಕೇಳಿಸಿರಿ.