ಅಳಿಸಿದ ಗೆರೆಗಳ ಬೆಲೆ

ಮಗ್ರಿಬ್ ನಮಾಝ್ ಮುಗಿಸಿ ಕುಳಿತಿದ್ದೆ. ಪಕ್ಕದ ಓಣಿಯ ತಾಯಿಯೊಬ್ಬರು ಮಗಳನ್ನು ಕರೆದುಕೊಂಡು ಮನೆಗೆ ಬಂದರು. ಹುಡುಗಿ ಕೆಲವು ವರ್ಷಗಳ ಹಿಂದೆ ನನ್ನ ವಿದ್ಯಾರ್ಥಿನಿ. ಈಗ ದೂರದ ನಗರದಲ್ಲಿ ಗ್ರಾಫಿಕ್ ಡಿಸೈನ್ ಓದುತ್ತಿದ್ದಾಳೆ. ರಜೆಗೆಂದು ತುರ್ವಿಹಾಳಕ್ಕೆ ಬಂದವಳು ಒಂದು ಸ್ಪರ್ಧೆಗೆ ಲಾಂಛನ ತಯಾರಿಸುವುದರಲ್ಲಿ ಮುಳುಗಿಬಿಟ್ಟಿದ್ದಳು.

"ಏನ್ ಹೇಳ್ಲಿ ಆಪಾ, ಮೂರು ದಿನ ಆತು. ಗೆರಿ ಎಳಿತಾಳ, ಅಳಸ್ತಾಳ. ಮತ್ತ ಎಳಿತಾಳ, ಮತ್ತ ಅಳಸ್ತಾಳ. ಇದೂ ಒಂದು ಓದೇನು? ಸಿಂಧನೂರಾಗ ನಮ್ಮ ಅಕ್ಕನ ಮಗಳ ನಿಕಾಹ್ ಐತಿ. ಅವತ್ತೇ ಇದನ್ನ ಕಳಿಸೋ ಕಡೇ ದಿನ ಅಂತ. ನಿಕಾಹಿಗೆ ಬರೂದಿಲ್ಲ ಅಂತಾಳ. ಮಂದಿ ಏನಂದಾರು?"

ಹುಡುಗಿ ತಲೆ ತಗ್ಗಿಸಿ ಕುಳಿತಿದ್ದಳು. ಕೈಯಲ್ಲಿ ದಪ್ಪನೆಯ ಒಂದು ನೋಟ್‌ಬುಕ್ಕು. ಆ ತಾಯಿಯ ಪ್ರಶ್ನೆಯನ್ನು ನಾನು ಹಗುರವಾಗಿ ಕಾಣಲಿಲ್ಲ. ಮಗಳು ಡಾಕ್ಟರೋ ಟೀಚರೋ ಆಗುತ್ತಾಳೆಂದರೆ ಅದು ಏನೆಂದು ನಮಗೆ ಗೊತ್ತು. ಈ ಗೆರೆ ಎಳೆಯುವ ಓದು ಯಾವುದು? ಇದೇ ಪ್ರಶ್ನೆ ಇಂದು ನಮ್ಮ ಅನೇಕ ಮನೆಗಳಲ್ಲಿದೆ.

ನಾನು ಪರ್ಸಿನಿಂದ ಒಂದು ನಾಣ್ಯ ತೆಗೆದು ಆ ತಾಯಿಯ ಕೈಗಿತ್ತೆ. "ಇದರ ಮೇಲಿರೋ ರೂಪಾಯಿ ಗುರುತು ಯಾರು ಬರೆದದ್ದು, ಹೇಳ್ರಿ ನೋಡೋಣ?"

"ಸರ್ಕಾರದವರೇ ಮಾಡಿರ್ತಾರ."

"ಇಲ್ಲ. ಓದುತ್ತಿದ್ದ ಒಬ್ಬ ವಿದ್ಯಾರ್ಥಿ ಸ್ಪರ್ಧೆಗೆ ಬರೆದು ಕಳಿಸಿದ್ದು."

ಆಗ ಹುಡುಗಿ ತಲೆ ಎತ್ತಿದಳು.

ಒಂದು ಗುರುತಿನ ಕಥೆ

2010ರವರೆಗೆ ನಮ್ಮ ರೂಪಾಯಿಗೆ ತನ್ನದೇ ಆದ ಚಿಹ್ನೆ ಇರಲಿಲ್ಲ. ಕನ್ನಡದಲ್ಲಿ 'ರೂ.' ಎಂದೂ ಇಂಗ್ಲಿಷಿನಲ್ಲಿ 'ಆರ್‌ಎಸ್' ಎಂದೂ ಬರೆಯುತ್ತಿದ್ದೆವು. ಪಾಕಿಸ್ತಾನ, ನೇಪಾಳ, ಶ್ರೀಲಂಕಾಗಳ ಹಣಕ್ಕೂ ರೂಪಾಯಿ ಎಂದೇ ಹೆಸರು. ಡಾಲರ್, ಪೌಂಡ್, ಯೂರೋಗಳಿಗೆ ಇರುವಂತೆ ನೋಡಿದ ಕೂಡಲೇ ಭಾರತದ ರೂಪಾಯಿ ಎಂದು ಗೊತ್ತಾಗುವ ಗುರುತು ಬೇಕೆಂದು ಕೇಂದ್ರದ ಹಣಕಾಸು ಸಚಿವಾಲಯ 2009ರ ಮಾರ್ಚ್‌ನಲ್ಲಿ ಸಾರ್ವಜನಿಕರಿಗೆ ಸ್ಪರ್ಧೆ ಏರ್ಪಡಿಸಿತು. ಗೆದ್ದವರಿಗೆ ಎರಡೂವರೆ ಲಕ್ಷ ರೂಪಾಯಿ ಬಹುಮಾನ. ಗುರುತು ದೇಶದ ಸಂಸ್ಕೃತಿಯನ್ನು ಸೂಚಿಸಬೇಕು, ಕೀಬೋರ್ಡಿನಲ್ಲಿ ಬಳಸಲು ಬರುವಂತಿರಬೇಕು ಎಂಬುದು ನಿಯಮಗಳಲ್ಲಿ ಸೇರಿತ್ತು.

ಮೂರು ಸಾವಿರಕ್ಕೂ ಹೆಚ್ಚು ರಚನೆಗಳು ಬಂದವು. ಅವುಗಳಲ್ಲಿ ಐದನ್ನು ಕೊನೆಯ ಸುತ್ತಿಗೆ ಆರಿಸಲಾಯಿತು. ಆ ಐವರಲ್ಲಿ ನೊಂದಿತಾ ಕೊರಿಯಾ ಮೆಹ್ರೋತ್ರಾ ಎಂಬ ಮಹಿಳಾ ವಾಸ್ತುಶಿಲ್ಪಿಯೂ ಇದ್ದರು. ಕೊನೆಗೆ ಡಿ. ಉದಯ ಕುಮಾರ್ ಅವರ ರಚನೆಗೆ 2010ರ ಜುಲೈ 15ರಂದು ಕೇಂದ್ರ ಸಂಪುಟ ಒಪ್ಪಿಗೆ ನೀಡಿತು. ಅವರು ತಮಿಳುನಾಡಿನವರು. ಆಗ ಮುಂಬೈ ಐಐಟಿಯ ವಿನ್ಯಾಸ ವಿಭಾಗದಲ್ಲಿ ಸಂಶೋಧನಾ ವಿದ್ಯಾರ್ಥಿಯಾಗಿದ್ದರು. ಅವರ ಸಂಶೋಧನೆಯ ವಿಷಯ ತಮಿಳಿನ ಮುದ್ರಣಾಕ್ಷರಗಳು. ಅದೇ ವರ್ಷ ಗುವಾಹಟಿ ಐಐಟಿಯಲ್ಲಿ ಅಧ್ಯಾಪಕರಾದರು.

ಅವರು ಮಾಡಿದ್ದೇನು? ದೇವನಾಗರಿಯ 'ರ' ಅಕ್ಷರವನ್ನು ತೆಗೆದುಕೊಂಡರು. ಇಂಗ್ಲಿಷಿನ 'ಆರ್' ಅಕ್ಷರದಿಂದ ಎಡಗಡೆಯ ನೆಟ್ಟಗಿನ ಕಂಬವನ್ನು ತೆಗೆದರೆ ಉಳಿಯುವ ಆಕಾರ ಈ 'ರ'ಕ್ಕೆ ಹತ್ತಿರ ಬರುತ್ತದೆ. ಎರಡೂ ಲಿಪಿಯವರು ಓದಬಲ್ಲ ಒಂದೇ ಆಕಾರ. ನಮ್ಮ ಕನ್ನಡ ಅಕ್ಷರಕ್ಕೆ ತಲೆಕಟ್ಟು ಇರುವಂತೆ ಹಿಂದಿಯ ಅಕ್ಷರಗಳ ನೆತ್ತಿಯ ಮೇಲೆ ಅಡ್ಡಗೆರೆ ಇರುತ್ತದಲ್ಲ, ಅದನ್ನು ಇಟ್ಟುಕೊಂಡು ಕೆಳಗೆ ಇನ್ನೊಂದು ಗೆರೆ ಸೇರಿಸಿದರು. ಎರಡು ಗೆರೆಗಳ ನಡುವೆ ಬಿಳಿಯ ಜಾಗ ಉಳಿದು ತ್ರಿವರ್ಣ ಧ್ವಜದ ನೆನಪು ತಂದಿತು. ಗಣಿತದ ಸಮ ಚಿಹ್ನೆಯೂ ಅದರಲ್ಲಿ ಕಾಣುತ್ತದೆ. ನವಿಲಿಲ್ಲ, ಕಮಲವಿಲ್ಲ, ಭೂಪಟವಿಲ್ಲ. ಐದಾರು ವರ್ಷದ ಮಗು ಕೂಡಾ ಬಳಪದಲ್ಲಿ ಬರೆಯಬಲ್ಲ ಗುರುತು!

2010ರ ಅಕ್ಟೋಬರಿನಲ್ಲಿ ಜಗತ್ತಿನ ಕಂಪ್ಯೂಟರುಗಳ ಅಕ್ಷರ ಪಟ್ಟಿಯಾದ ಯೂನಿಕೋಡಿನಲ್ಲಿ ಅದಕ್ಕೆ ಸ್ಥಾನ ಸಿಕ್ಕಿತು. 2011ರಲ್ಲಿ ನಾಣ್ಯಗಳ ಮೇಲೆ ಬಂತು. ಇಂದು ಕಿರಾಣಿ ಅಂಗಡಿಯ ಬಿಲ್ಲಿನಲ್ಲೂ ನಮ್ಮ ಮೊಬೈಲಿನಲ್ಲೂ ಅದೇ ಇದೆ.

"ಇಷ್ಟು ಸಣ್ಣ ಗುರುತಿಗೆ ಇಷ್ಟೆಲ್ಲ ವಿಚಾರ ಮಾಡಬೇಕೇನು?" ಎಂದರು ಆ ತಾಯಿ. ಸಣ್ಣದಾಗಿ ಉಳಿಯುವುದಕ್ಕೇ ಅಷ್ಟು ವಿಚಾರ ಬೇಕು. ಬೇಡದ್ದು ಯಾವುದೆಂದು ಗೊತ್ತಾಗುವವರೆಗೆ ಎಳೆಯಬೇಕು, ಅಳಿಸಬೇಕು. ಮಗಳು ಮೂರು ದಿನದಿಂದ ಮಾಡುತ್ತಿದ್ದುದೂ ಅದನ್ನೇ.

ಬಿ ದರ್ಜೆ ಪಡೆದ ಹುಡುಗಿ

"ಅವರು ಗಂಡಸರು, ಐಐಟಿಯವರು. ನಮ್ಮ ಹಳ್ಳಿ ಹುಡುಗಿ ಕಳಿಸಿದ್ದನ್ನ ಯಾರು ನೋಡ್ತಾರ ಆಪಾ?" ಎಂಬುದು ತಾಯಿಯ ಮುಂದಿನ ಪ್ರಶ್ನೆ. ಅದಕ್ಕೆ ಉತ್ತರವಾಗಿ ಇನ್ನೊಂದು ಘಟನೆ ಹೇಳಿದೆ.

ವಿಯೆಟ್ನಾಂ ಯುದ್ಧದಲ್ಲಿ ಮಡಿದ ಸೈನಿಕರಿಗಾಗಿ ಅಮೆರಿಕದ ರಾಜಧಾನಿ ವಾಷಿಂಗ್ಟನ್‌ನಲ್ಲಿ ಸ್ಮಾರಕ ಕಟ್ಟಲು 1980ರ ದಶಕದ ಆರಂಭದಲ್ಲಿ ಸ್ಪರ್ಧೆ ನಡೆಯಿತು. ಒಟ್ಟು 1,421 ರಚನೆಗಳು ಬಂದವು. ಯಾವುದರ ಮೇಲೂ ಕಳಿಸಿದವರ ಹೆಸರು ತೀರ್ಪುಗಾರರಿಗೆ ಕಾಣುವಂತಿರಲಿಲ್ಲ. ಬರೀ ಸಂಖ್ಯೆ. 1981ರ ಮೇ ತಿಂಗಳಲ್ಲಿ ಫಲಿತಾಂಶ ಬಂದಾಗ ಗೆದ್ದದ್ದು 1026ನೇ ಸಂಖ್ಯೆ. ಅದು ಯೇಲ್ ವಿಶ್ವವಿದ್ಯಾಲಯದ 21 ವರ್ಷದ ವಿದ್ಯಾರ್ಥಿನಿ ಮಾಯಾ ಲಿನ್ ಅವರದ್ದಾಗಿತ್ತು! ಚೀನಾದಿಂದ ಬಂದು ನೆಲೆಸಿದ ದಂಪತಿಯ ಮಗಳು. ಅದೇ ರಚನೆಗೆ ತರಗತಿಯಲ್ಲಿ ಆಕೆಗೆ ಸಿಕ್ಕಿದ್ದು ಬಿ ದರ್ಜೆ.

ಆಕೆ ಕಳಿಸಿದ್ದು ಬಣ್ಣದ ಕಡ್ಡಿಯಲ್ಲಿ ಬಿಡಿಸಿದ ಬಹಳ ಸರಳ ಚಿತ್ರಗಳು, ಜೊತೆಗೆ ತನ್ನ ಆಲೋಚನೆಯನ್ನು ವಿವರಿಸುವ ಬರಹ. ನೆಲದೊಳಕ್ಕೆ ಇಳಿಯುವ ಎರಡು ಕಪ್ಪು ಗೋಡೆಗಳು, ಅವುಗಳ ಮೇಲೆ ಮಡಿದವರ ಹೆಸರುಗಳು. ಅಷ್ಟೇ. ನಮಗೆ ಸಂತೋಷವಾಗುವ ಸಂಗತಿಯೆಂದರೆ ಆ ಗೋಡೆಗಳಿಗೆ ಬಳಸಿದ ಕಪ್ಪು ಗ್ರಾನೈಟ್ ಹೋದದ್ದು ನಮ್ಮ ಬೆಂಗಳೂರಿನ ಕಡೆಯಿಂದ.

ಹೆಸರು ಹೊರಬಿದ್ದ ಮೇಲೆ ವಿರೋಧವೂ ಬಂತು. ಕಪ್ಪು ಬಣ್ಣ ಯಾಕೆ, ವಿಗ್ರಹ ಯಾಕಿಲ್ಲ ಎಂದರು. ಆಕೆಯ ಏಷ್ಯಾ ಮೂಲವನ್ನೂ ಎತ್ತಿ ಆಡಿದರು. ಆಕೆ ಎಲ್ಲರೆದುರು ನಿಂತು ತನ್ನ ರಚನೆಯನ್ನು ಸಮರ್ಥಿಸಿಕೊಂಡಳು. 1984ರಲ್ಲಿ ಸಮೀಪದಲ್ಲಿ ಸೈನಿಕರ ಪ್ರತಿಮೆಯೊಂದನ್ನು ನಿಲ್ಲಿಸಲಾಯಿತಾದರೂ ಆಕೆಯ ಗೋಡೆ ಆಕೆ ಬಯಸಿದಂತೆಯೇ ಉಳಿಯಿತು. ಹೆಸರು ತಿಳಿಯದಿದ್ದಾಗ ಕೆಲಸ ಮಾತ್ರ ಮಾತನಾಡಿತು ಎಂಬುದನ್ನು ನಮ್ಮ ಹೆಣ್ಣುಮಕ್ಕಳು ಗಮನಿಸಬೇಕು.

ನಮ್ಮ ಅಂಗಳದಲ್ಲೇ ಇರುವ ಬಂಡವಾಳ

ಸಹೋದರಿಯರೇ, ಗ್ರಾಫಿಕ್ ಡಿಸೈನ್ ಎಂದರೆ ಕೇವಲ ಚಿತ್ರ ಬಿಡಿಸುವುದಲ್ಲ. ಅಕ್ಷರ, ಆಕಾರ, ಬಣ್ಣಗಳನ್ನು ಜೋಡಿಸಿ ನೋಡುವವರಿಗೆ ವಿಷಯ ತಲುಪಿಸುವ ವಿದ್ಯೆ. ಅಂಗಡಿಯ ಫಲಕ, ಮದುವೆ ಕಾರ್ಡು, ಪಠ್ಯಪುಸ್ತಕ, ನಮ್ಮ ಕಡೆಯ ಮಿಲ್ಲಿನ ಅಕ್ಕಿ ಚೀಲದ ಮೇಲಿನ ಹೆಸರು, ಎಲ್ಲವೂ ಅದರಲ್ಲಿ ಬರುತ್ತವೆ. ಮಾತ್ರೆಯ ಹಾಳೆಯ ಮೇಲೆ ಅವಧಿ ಮುಗಿಯುವ ದಿನಾಂಕ ಕಣ್ಣಿಗೆ ಕಾಣುವಂತಿದ್ದರೆ ಅದರ ಹಿಂದೆ ಯಾರೋ ಒಬ್ಬರ ಎಚ್ಚರವಿದೆ.

ಚಿತ್ರಕಲೆಯೆಂದರೆ ಹಿಂಜರಿಯುವ ಹಿರಿಯರೂ ನಮ್ಮಲ್ಲಿದ್ದಾರೆ. ಅವರ ಭಾವನೆಯನ್ನು ಗೌರವಿಸುತ್ತಲೇ ಒಂದು ಮಾತು ನೆನಪಿಸಬಯಸುತ್ತೇನೆ. ಮದರಸದಲ್ಲಿ ಓದಿದ ನಾನು ಬೀದರಿನಲ್ಲಿ 1472ರಲ್ಲಿ ಕಟ್ಟಿದ ಮಹಮೂದ್ ಗಾವಾನರ ಮದರಸದ ಮುಂದೆ ನಿಂತು ಬೆರಗಾಗಿದ್ದೇನೆ. ಬಣ್ಣದ ಹೆಂಚುಗಳಲ್ಲಿ ಮೂಡಿದ ಅಕ್ಷರಗಳು ಇಂದಿಗೂ ಅಲ್ಲಿ ಉಳಿದಿವೆ. ವಿಜಯಪುರದ ಇಬ್ರಾಹಿಂ ರೋಜಾದ ಗೋಡೆಗಳನ್ನು ನೋಡಿರಿ. ಅಕ್ಷರ ಮತ್ತು ರೇಖಾಗಣಿತದಿಂದಲೇ ಎಂಥ ಸೌಂದರ್ಯ! ಲಾಂಛನ ರಚನೆಯೂ ಬಹುಮಟ್ಟಿಗೆ ಅಕ್ಷರ ಮತ್ತು ಆಕಾರಗಳದೇ ಕೆಲಸ.

ಇನ್ನೊಂದು ಸಂಗತಿ. ನಮ್ಮ ಊರಿನ ಮುಸ್ಲಿಂ ಮನೆಯ ಮಗು ಶಾಲೆಯಲ್ಲಿ ಕನ್ನಡ, ಇಂಗ್ಲಿಷ್, ಹಿಂದಿ ಕಲಿಯುತ್ತದೆ. ಮಕ್ತಬಿನಲ್ಲಿ ಅರಬಿ, ಉರ್ದು ಅಕ್ಷರ ತಿದ್ದುತ್ತದೆ. ಎಡದಿಂದ ಬಲಕ್ಕೂ ಬಲದಿಂದ ಎಡಕ್ಕೂ ಬರೆಯಬಲ್ಲ ಕೈ ಅದು. ಎರಡು ಲಿಪಿಗಳ ಬೆಸುಗೆಯಿಂದಲೇ ರೂಪಾಯಿಯ ಗುರುತು ಹುಟ್ಟಿತು. ಹಾಗಿರುವಾಗ ನಾಲ್ಕು ಲಿಪಿ ಬಲ್ಲ ನಮ್ಮ ಮಕ್ಕಳ ಬಂಡವಾಳ ಕಡಿಮೆಯೇನು?

ಕಳಿಸುವ ಮುನ್ನ

ಹುಡುಗಿಯ ನೋಟ್‌ಬುಕ್ಕು ತೆರೆಸಿದೆ. ಸ್ಪರ್ಧೆ ನೀರು ಉಳಿಸುವ ಅಭಿಯಾನದ ಲಾಂಛನಕ್ಕೆ. ಹನಿ, ಅಂಗೈ, ನಲ್ಲಿ, ಭತ್ತದ ತೆನೆ, ಭೂಗೋಳ, ಐದನ್ನೂ ಒಂದೇ ವೃತ್ತದಲ್ಲಿ ತುಂಬಿದ್ದಳು. "ಇದನ್ನು ಒಂದೇ ವಾಕ್ಯದಲ್ಲಿ ಹೇಳು" ಎಂದೆ. ಅವಳಿಗೆ ಆಗಲಿಲ್ಲ. "ಭೂಗೋಳ ನೀನೇ ಬಿಡಿಸಿದ್ದಾ?" ಎಂದೆ. "ಇಲ್ಲ ಟೀಚರ್, ಇಂಟರ್‌ನೆಟ್‌ದಾಗ ಸಿಕ್ತು" ಎಂದಳು ಮೆಲ್ಲಗೆ. ನಾನು ಬೈಯಲಿಲ್ಲ. ಇನ್ನೊಬ್ಬರ ದುಡಿಮೆಗೆ ನಮ್ಮ ಹೆಸರು ಹಾಕಿದರೆ ಅದು ಅಮಾನತ್ತಿಗೆ ಮಾಡಿದ ದ್ರೋಹವಾಗುತ್ತದೆ ಎಂದಷ್ಟೇ ಹೇಳಿದೆ. ಕೃತಕ ಬುದ್ಧಿಮತ್ತೆಯ ತಂತ್ರಾಂಶಗಳು ಈಗ ಕ್ಷಣದಲ್ಲಿ ಚಿತ್ರ ಕೊಡುತ್ತವೆ. ಅವನ್ನು ಬಳಸಬಹುದೇ ಎಂಬುದನ್ನು ನಿಯಮದಲ್ಲಿ ನೋಡಿಕೊಳ್ಳಬೇಕು. ಬಳಸಿದ್ದರೆ ಮುಚ್ಚಿಡಬಾರದು.

ಇಂತಹ ಸ್ಪರ್ಧೆಗೆ ಸಿದ್ಧರಾಗುವ ಮಕ್ಕಳಿಗೆ ಉಪಯೋಗವಾಗಲೆಂದು ಕೆಲವು ಸೂಚನೆಗಳು:

* ಮೊದಲು ನಿಯಮಗಳನ್ನು ಎರಡು ಸಲ ಓದಿ. ಅಳತೆ, ಫೈಲಿನ ಬಗೆ, ಎಷ್ಟು ರಚನೆ ಕಳಿಸಬಹುದು, ಗೆದ್ದ ರಚನೆಯ ಹಕ್ಕು ಯಾರಿಗೆ ಸೇರುತ್ತದೆ ಎಂಬುದು ಅಲ್ಲಿರುತ್ತದೆ. ಒಳ್ಳೆಯ ರಚನೆಯೂ ನಿಯಮ ತಪ್ಪಿದರೆ ಹೊರಗೆ ಬೀಳುತ್ತದೆ.
* ಕಂಪ್ಯೂಟರಿಗೆ ಮುನ್ನ ಪೆನ್ಸಿಲ್. ಬಣ್ಣವಿಲ್ಲದೆ ಬರೀ ಕಪ್ಪಿನಲ್ಲಿ ಚೆನ್ನಾಗಿ ಕಾಣದ ಲಾಂಛನ ಬಣ್ಣ ಹಚ್ಚಿದರೂ ಗಟ್ಟಿಯಾಗದು.
* ಉಗುರಿನಷ್ಟು ಚಿಕ್ಕದು ಮಾಡಿ ನೋಡಿ. ಆಗಲೂ ಗುರುತು ಹತ್ತಬೇಕು.
* ಲಾಂಛನವನ್ನು ವೆಕ್ಟರ್ ವಿಧಾನದಲ್ಲಿ ರಚಿಸಿದರೆ ಎಷ್ಟು ದೊಡ್ಡದು ಮಾಡಿದರೂ ಅಂಚು ಒಡೆಯುವುದಿಲ್ಲ. ಇದಕ್ಕೆ ಇಂಕ್‌ಸ್ಕೇಪ್ ಎಂಬ ತಂತ್ರಾಂಶ ಉಚಿತವಾಗಿ ಸಿಗುತ್ತದೆ.
* ಕನ್ನಡ ಅಕ್ಷರ ಬಳಸಿದ್ದರೆ ಅದನ್ನು ಔಟ್‌ಲೈನ್ ಆಗಿ ಬದಲಾಯಿಸಿ ಕಳಿಸಿ. ಇಲ್ಲವಾದರೆ ಆ ಅಕ್ಷರಶೈಲಿ ಇಲ್ಲದ ಕಂಪ್ಯೂಟರಿನಲ್ಲಿ ಒತ್ತಕ್ಷರಗಳು ಚೆಲ್ಲಾಪಿಲ್ಲಿಯಾಗಬಹುದು.
* ಪರದೆಯ ಮೇಲಿನ ಬಣ್ಣ ಅಚ್ಚಿನಲ್ಲಿ ಮಂಕಾಗುವುದುಂಟು. ಒಂದು ಪ್ರತಿ ಮುದ್ರಿಸಿ ನೋಡಿ.
* ವಿವರಣೆಯನ್ನು ಸ್ವಂತ ಮಾತಿನಲ್ಲಿ, ಚಿಕ್ಕದಾಗಿ ಬರೆಯಿರಿ.
* ಒಟಿಪಿ, ಬ್ಯಾಂಕ್ ವಿವರ ಕೇಳುವ 'ಸ್ಪರ್ಧೆ'ಗಳಿಂದ ದೂರವಿರಿ. ನಡೆಸುವವರು ಯಾರೆಂದು ಮನೆಯ ಹಿರಿಯರೊಂದಿಗೆ ಪರಿಶೀಲಿಸಿ.
* ಕೊನೆಯ ದಿನಕ್ಕೆ ಕಾಯದೆ ಎರಡು ದಿನ ಮೊದಲೇ ಕಳಿಸಿ. ಕರೆಂಟು, ನೆಟ್‌ವರ್ಕು ನಮ್ಮ ಮಾತು ಕೇಳುವುದಿಲ್ಲ!

ಈ ಕೊನೆಯ ಸೂಚನೆಯಲ್ಲೇ ನಿಕಾಹಿನ ಸಮಸ್ಯೆಗೂ ಪರಿಹಾರವಿತ್ತು. ಎರಡು ದಿನ ಮೊದಲೇ ಕಳಿಸಿದರೆ ಮಗಳು ನೆಮ್ಮದಿಯಿಂದ ನಿಕಾಹಿಗೆ ಹೋಗಬಹುದು. ಆದರೆ ಅದಕ್ಕೆ ಮನೆಯವರೂ ಒಂದು ಕೆಲಸ ಮಾಡಬೇಕಿತ್ತು. "ದಿನಕ್ಕೆ ಎರಡು ತಾಸು ಆಕೀನ್ನ ಯಾರೂ ಕರೀಬ್ಯಾಡ್ರಿ. ಚಹಾ ಮಾಡು, ಪಾತ್ರೆ ತೊಳಿ ಅಂತ ಅನಬ್ಯಾಡ್ರಿ" ಎಂದೆ. ಆ ತಾಯಿ ನಕ್ಕು ಒಪ್ಪಿದರು.

ತಾಯಂದಿರೇ, ಮಗ ಪರೀಕ್ಷೆಗೆ ಓದುವಾಗ ಟಿವಿಯ ಸದ್ದು ತಗ್ಗಿಸುತ್ತೇವೆ. ಮಗಳು ಗೆರೆ ಎಳೆಯುವಾಗ ಅದನ್ನು ಬಿಡುವಿನ ಆಟವೆಂದು ಬಗೆಯುತ್ತೇವೆ. ಮನೆಗೆಲಸ ಕಲಿಯುವುದು ತಪ್ಪಲ್ಲ. ಆದರೆ ಎಲ್ಲ ಕೆಲಸ ಮುಗಿದ ನಂತರ ಉಳಿದ ನಿದ್ದೆಗಣ್ಣಿನ ಹೊತ್ತನ್ನಷ್ಟೇ ಅವಳ ವಿದ್ಯೆಗೆ ಕೊಟ್ಟರೆ ಅದು ನ್ಯಾಯವೇ?

ರೂಪಾಯಿ ಗುರುತಿನ ಸ್ಪರ್ಧೆಯಲ್ಲಿ ಗೆದ್ದದ್ದು ಒಂದೇ ರಚನೆ. ಉಳಿದ ಸಾವಿರಾರು ಮಂದಿ ಸೋತರು. ಅವರ ಶ್ರಮ ವ್ಯರ್ಥವಾಯಿತೆಂದು ಹೇಳಲಾಗದು. ಸೋತ ರಚನೆಯೂ ಅದರ ಹಿಂದಿನ ಕರಡುಗಳೂ ವಿದ್ಯಾರ್ಥಿಯ ಕಡತದಲ್ಲಿ ಉಳಿಯುತ್ತವೆ. ಮುಂದೆ ಕೆಲಸ ಕೇಳಲು ಹೋದಾಗ ಇವಳು ಹೇಗೆ ಯೋಚಿಸುತ್ತಾಳೆಂದು ತೋರಿಸುವುದು ಅವೇ. ಆದ್ದರಿಂದ ಅಳಿಸಿದ ಹಾಳೆಗಳನ್ನು ಒಲೆಗೆ ಹಾಕಬೇಡಿ. ದಿನಾಂಕ ಬರೆದು ಜೋಪಾನ ಮಾಡಿ.

ಆ ಹುಡುಗಿ ಎರಡು ದಿನ ಮುಂಚೆಯೇ ಕಳಿಸಿದಳು. ಹೋಗುವ ಮೊದಲು ನನಗೆ ತೋರಿಸಿದಳು. ಭೂಗೋಳ, ನಲ್ಲಿ, ತೆನೆ, ಅಂಗೈ ಎಲ್ಲ ಹೋಗಿ ಒಂದು ಕೊಡದ ಆಕಾರ, ಅದರೊಳಗೆ ಒಂದೇ ಅಲೆ ಉಳಿದಿತ್ತು. "ತುಂಬಿದ ಕೊಡ ತುಳುಕದಂತೆ ಒಯ್ಯಬೇಕು ಅನ್ನೋದು ಇದರ ಅರ್ಥ ಟೀಚರ್" ಎಂದಳು. ಒಂದೇ ವಾಕ್ಯ!

ಫಲಿತಾಂಶ ಇನ್ನೂ ಬಂದಿಲ್ಲ. ನಿಕಾಹಿನ ಮನೆಯಲ್ಲಿ ಯಾರೋ "ನಿಮ್ಮ ಮಗಳು ಏನು ಓದ್ತಾಳ?" ಎಂದು ಕೇಳಿದರಂತೆ. ಆ ತಾಯಿ ತಮ್ಮ ಪರ್ಸಿನಿಂದ ಒಂದು ನಾಣ್ಯ ತೆಗೆದು ಅವರ ಕೈಗಿತ್ತರಂತೆ.